ನಲ್ಲಿ ನೀರಿನಲ್ಲಿ ಕೈಗಾರಿಕಾ ದ್ರಾವಕ: ಪರೀಕ್ಷೆ ಮಾಡಿಸುವವರು ಎಡವುವುದೆಲ್ಲಿ?

ಓದುಗರಿಂದ ಮತ್ತೆ ಮತ್ತೆ ಬರುವ ಪ್ರಶ್ನೆ ಒಂದೇ, ಮಾತುಗಳಷ್ಟೇ ಬೇರೆ. "ನಮ್ಮ ಬಡಾವಣೆಗೆ ನೀರು ಕೊಡುವ ಕೊಳವೆಬಾವಿಗಳ ಪಕ್ಕದಲ್ಲೇ ಲೋಹದ ಬಿಡಿಭಾಗ ತಯಾರಿಸುವ ಕಾರ್ಖಾನೆಗಳಿವೆ. ನೀರನ್ನು ಪರೀಕ್ಷೆ ಮಾಡಿಸಿದೆವು, ಎಲ್ಲವೂ ಮಿತಿಯೊಳಗಿದೆ ಎಂದು ವರದಿ ಬಂದಿದೆ. ಇನ್ನು ನಿಶ್ಚಿಂತೆಯಿಂದ ಇರಬಹುದೇ?" ವರದಿಯನ್ನು ತೆರೆದು ನೋಡಿದರೆ ಗಡಸುತನ, ಕ್ಲೋರೈಡ್, ನೈಟ್ರೇಟ್, ಫ್ಲೋರೈಡ್, ಪಿಎಚ್, ಕೋಲಿಫಾರ್ಮ್ ಬ್ಯಾಕ್ಟೀರಿಯಾ ಇಷ್ಟೇ ಇರುತ್ತವೆ. ದ್ರಾವಕಗಳ ಹೆಸರೇ ಇರುವುದಿಲ್ಲ. ಯಾರೂ ಹುಡುಕದ ವಸ್ತು ಸಿಗಲಿಲ್ಲವೆಂದು ನೆಮ್ಮದಿಪಡುವುದು ಹೇಗೆ?

ಎರಡನೆಯ ತೊಂದರೆ ಇನ್ನೂ ಸೂಕ್ಷ್ಮವಾದದ್ದು. ಸರಿಯಾದ ಪರೀಕ್ಷೆಯನ್ನೇ ಕೇಳಿ ಮಾಡಿಸಿದರೂ ನೀರನ್ನು ತುಂಬಿಕೊಂಡ ರೀತಿ ತಪ್ಪಾಗಿದ್ದರೆ ದ್ರಾವಕ ದಾರಿಯಲ್ಲೇ ಹಾರಿಹೋಗಿರುತ್ತದೆ. ಕೊನೆಗೆ ಕೈಗೆ ಬರುವುದು ಸುಳ್ಳು ನೆಮ್ಮದಿಯ ಕಾಗದ. ಪರೀಕ್ಷೆಯೇ ಮಾಡಿಸದಿದ್ದರೆ ಅನುಮಾನವಾದರೂ ಉಳಿದಿರುತ್ತಿತ್ತು. ಆದ್ದರಿಂದ ಈ ಲೇಖನದಲ್ಲಿ ಸೀಸೆಗೆ ನೀರು ತುಂಬುವ ಐದು ನಿಮಿಷದ ಕೆಲಸಕ್ಕೇ ಹೆಚ್ಚು ಜಾಗ ಕೊಟ್ಟಿದ್ದೇನೆ.

ಮೊದಲು ತಿಳಿದಿರಬೇಕಾದದ್ದು

ಎಣ್ಣೆ, ಜಿಡ್ಡು, ಬಣ್ಣ, ಅಂಟು ಮುಂತಾದವನ್ನು ಕರಗಿಸಲು ಕೈಗಾರಿಕೆಗಳು ಬಳಸುವ ದ್ರವಗಳೇ ದ್ರಾವಕಗಳು. ಲೋಹದ ಮೇಲಿನ ಜಿಡ್ಡು ತೆಗೆಯಲು ಟ್ರೈಕ್ಲೋರೋಎಥಿಲೀನ್, ಡ್ರೈ ಕ್ಲೀನಿಂಗ್‌ಗೆ ಟೆಟ್ರಾಕ್ಲೋರೋಎಥಿಲೀನ್, ಹಳೆಯ ಬಣ್ಣ ಕೆರೆಯಲು ಡೈಕ್ಲೋರೋಮೀಥೇನ್ ಬಳಕೆಯಲ್ಲಿವೆ. ಬೆಂಜೀನ್, ಟಾಲುಈನ್, ಎಥಿಲ್‌ಬೆಂಜೀನ್, ಕ್ಸೈಲೀನ್ ಎಂಬ ನಾಲ್ಕು ಒಂದೇ ಕುಟುಂಬದವು. ಪೆಟ್ರೋಲ್‌ನಲ್ಲಿ ನಾಲ್ಕೂ ಇರುತ್ತವೆ, ಟಾಲುಈನ್ ಮತ್ತು ಕ್ಸೈಲೀನ್ ಬಣ್ಣದ ತಿನ್ನರ್‌ಗಳಲ್ಲೂ ಇರುತ್ತವೆ. ಸುಲಭವಾಗಿ ಆವಿಯಾಗುವುದರಿಂದ ಇವೆಲ್ಲವನ್ನೂ ಒಟ್ಟಾಗಿ "ಬಾಷ್ಪಶೀಲ ಸಾವಯವ ಸಂಯುಕ್ತಗಳು" ಎನ್ನುತ್ತಾರೆ. ಪ್ರಯೋಗಾಲಯದವರ ಬಾಯಲ್ಲಿ ಇದು "ವಿಒಸಿ". ನೀವೂ ಅದೇ ಪದ ಬಳಸಿ, ಕೆಲಸ ಬೇಗ ಆಗುತ್ತದೆ.

ಕ್ಲೋರಿನ್ ಇರುವ ದ್ರಾವಕಗಳು ನೀರಿಗಿಂತ ಭಾರ. ಒಂದು ಲೀಟರ್ ಟ್ರೈಕ್ಲೋರೋಎಥಿಲೀನ್ ಸುಮಾರು 1.46 ಕಿಲೋ, ಟೆಟ್ರಾಕ್ಲೋರೋಎಥಿಲೀನ್ ಸುಮಾರು 1.62 ಕಿಲೋ ತೂಗುತ್ತದೆ. ನೆಲಕ್ಕೆ ಚೆಲ್ಲಿದ್ದು ಅಂತರ್ಜಲದ ಮೇಲೆ ತೇಲದೆ ಆಳಕ್ಕೆ ಇಳಿದು, ಬಂಡೆಯ ಬಿರುಕುಗಳಲ್ಲಿ ಕುಳಿತು, ದಶಕಗಳ ಕಾಲ ಸ್ವಲ್ಪಸ್ವಲ್ಪವೇ ಕರಗುತ್ತಿರುತ್ತದೆ. ಕಾರ್ಖಾನೆ ಮುಚ್ಚಿ ಬಹಳ ವರ್ಷವಾಯಿತು ಎಂಬ ಕಾರಣಕ್ಕೆ ಅನುಮಾನವನ್ನು ಬಿಡಬೇಡಿ.

"ವಾಸನೆಯೇ ಇಲ್ಲವಲ್ಲ" ಎನ್ನುವವರಿಗೆ ಒಂದು ಮಾತು. ಟ್ರೈಕ್ಲೋರೋಎಥಿಲೀನ್‌ನ ವಾಸನೆ ನೀರಿನಲ್ಲಿ ಮೂಗಿಗೆ ತಿಳಿಯಬೇಕಾದರೆ ಲೀಟರಿಗೆ ಸುಮಾರು 300 ಮೈಕ್ರೋಗ್ರಾಂ ಇರಬೇಕು. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ (ಇಪಿಎ) ಕುಡಿಯುವ ನೀರಿಗೆ ಇಟ್ಟಿರುವ ಮಿತಿ 5 ಮೈಕ್ರೋಗ್ರಾಂ. ಮೂಗು ಎಚ್ಚರಿಸುವ ಹೊತ್ತಿಗೆ ನೀರು ಆ ಮಿತಿಯನ್ನು ಅರವತ್ತು ಪಟ್ಟು ದಾಟಿರುತ್ತದೆ. ಟಿಡಿಎಸ್ ಮೀಟರ್ ಕೂಡ ಇಲ್ಲಿ ಉಪಯೋಗಕ್ಕೆ ಬಾರದು. ಅದು ಅಳೆಯುವುದು ನೀರಿನ ವಿದ್ಯುತ್ ವಾಹಕತೆಯನ್ನು, ಎಂದರೆ ಕರಗಿದ ಲವಣಗಳನ್ನು. ದ್ರಾವಕದ ಅಣುಗಳು ವಿದ್ಯುದಂಶ ಹೊತ್ತಿರುವುದಿಲ್ಲವಾದ್ದರಿಂದ ಮೀಟರ್‌ಗೆ ಅವು ಕಾಣುವುದೇ ಇಲ್ಲ. ಬಣ್ಣ ಬದಲಿಸುವ ಕಾಗದದ ಪಟ್ಟಿಗಳೂ ಈ ಮಟ್ಟವನ್ನು ಹಿಡಿಯಲಾರವು. ಮನೆಯಲ್ಲೇ ಮಾಡಿಕೊಳ್ಳಬಹುದಾದ ಪರೀಕ್ಷೆ ಇದಲ್ಲ. ನಿಮ್ಮ ಪಾಲಿನ ಕೆಲಸ ಮಾದರಿ ತೆಗೆಯುವುದು ಮತ್ತು ಸರಿಯಾದ ಪ್ರಶ್ನೆ ಕೇಳುವುದು.

ಹಂತ 1: ಏನನ್ನು ಹುಡುಕಬೇಕೆಂದು ನಿರ್ಧರಿಸಿ

ನಿಮ್ಮ ನಲ್ಲಿಗೆ ನೀರು ಎಲ್ಲಿಂದ ಬರುತ್ತದೆ ಎಂಬುದನ್ನು ಸರಬರಾಜು ಸಂಸ್ಥೆಯಿಂದ ಬರಹದಲ್ಲಿ ಕೇಳಿ ಪಡೆಯಿರಿ. ನದಿಯೇ, ಜಲಾಶಯವೇ, ಕೊಳವೆಬಾವಿಗಳೇ, ಅಥವಾ ಇವುಗಳ ಮಿಶ್ರಣವೇ? ಕೊಳವೆಬಾವಿಗಳಾದರೆ ಎಷ್ಟು, ಎಲ್ಲಿವೆ, ಸರದಿಯ ಮೇಲೆ ನಡೆಸುತ್ತಾರೆಯೇ? ಅವರೇ ಮಾಡಿಸಿದ ವಿಒಸಿ ಪರೀಕ್ಷೆಗಳಿದ್ದರೆ ಅವುಗಳ ಪ್ರತಿಯನ್ನೂ ಕೇಳಿ.

ಆಮೇಲೆ ಆ ಮೂಲಗಳ ಸುತ್ತಮುತ್ತ ಈಗ ಏನಿದೆ, ಹಿಂದೆ ಏನಿತ್ತು ಎಂದು ಒಂದು ಪಟ್ಟಿ ಮಾಡಿ. ಲೋಹದ ಕೆಲಸ, ಎಲೆಕ್ಟ್ರಾನಿಕ್ ಬಿಡಿಭಾಗ, ಡ್ರೈ ಕ್ಲೀನಿಂಗ್ ಇದ್ದರೆ ಕ್ಲೋರಿನ್ ದ್ರಾವಕಗಳು. ಪೆಟ್ರೋಲ್ ಬಂಕ್, ಇಂಧನ ಸಂಗ್ರಹಾಗಾರ, ಬಣ್ಣದ ಘಟಕ ಇದ್ದರೆ ಬೆಂಜೀನ್ ಕುಟುಂಬ. ಔಷಧ ತಯಾರಿಕೆ ಇದ್ದರೆ ಎರಡನ್ನೂ ನೋಡಬೇಕು.

ಬಹಳ ಮಂದಿ ಮರೆಯುವ ಎರಡು ಹೆಸರುಗಳಿವೆ. ಒಂದು ವಿನೈಲ್ ಕ್ಲೋರೈಡ್. ನೆಲದೊಳಗೆ ಆಮ್ಲಜನಕವಿಲ್ಲದ ಕಡೆ ಬ್ಯಾಕ್ಟೀರಿಯಾಗಳು ಟೆಟ್ರಾಕ್ಲೋರೋಎಥಿಲೀನ್‌ನಿಂದ ಒಂದೊಂದೇ ಕ್ಲೋರಿನ್ ಕಳಚುತ್ತಾ ಹೋಗುತ್ತವೆ. ಮೊದಲು ಟ್ರೈಕ್ಲೋರೋಎಥಿಲೀನ್, ನಂತರ ಡೈಕ್ಲೋರೋಎಥಿಲೀನ್, ಕೊನೆಗೆ ವಿನೈಲ್ ಕ್ಲೋರೈಡ್. ಮಾನವರಲ್ಲಿ ಕ್ಯಾನ್ಸರ್ ತರುತ್ತದೆಂದು ಖಚಿತವಾಗಿರುವ ವಸ್ತು ಇದು. ಮೂಲ ದ್ರಾವಕ ಇಳಿದಿದೆ ಎಂದು ಸಂತೋಷಪಡುವ ಹೊತ್ತಿಗೆ ಇದು ಏರಿರಬಹುದು. ಇನ್ನೊಂದು 1,4-ಡೈಆಕ್ಸೇನ್. ಕ್ಲೋರಿನ್ ದ್ರಾವಕಗಳು, ಮುಖ್ಯವಾಗಿ 1,1,1-ಟ್ರೈಕ್ಲೋರೋಈಥೇನ್, ಕೆಡದಂತೆ ಇದನ್ನು ಬೆರೆಸುತ್ತಿದ್ದರು. ಇದು ನೀರಿನಲ್ಲಿ ಪೂರ್ತಿ ಬೆರೆತುಹೋಗುತ್ತದೆ, ಸುಲಭವಾಗಿ ಆವಿಯಾಗುವುದಿಲ್ಲ. ಹಾಗಾಗಿ ಮಾಮೂಲಿ ವಿಒಸಿ ಪರೀಕ್ಷೆಗೆ ಸರಿಯಾಗಿ ಸಿಗುವುದಿಲ್ಲ. ಅನುಮಾನವಿದ್ದರೆ ಪ್ರತ್ಯೇಕ ಪರೀಕ್ಷೆಯನ್ನೇ ಕೇಳಬೇಕು.

ಹಂತ 2: ಪ್ರಯೋಗಾಲಯವನ್ನು ಆರಿಸಿ

ಈ ಪರೀಕ್ಷೆಗೆ ಬೇಕಾದ ಉಪಕರಣ ಗ್ಯಾಸ್ ಕ್ರೊಮಟೋಗ್ರಾಫ್ ಮತ್ತು ಅದಕ್ಕೆ ಜೋಡಿಸಿದ ಮಾಸ್ ಸ್ಪೆಕ್ಟ್ರೋಮೀಟರ್. ಮೊದಲನೆಯದು ಆವಿಯಾದ ವಸ್ತುಗಳನ್ನು ಒಂದೊಂದಾಗಿ ಬೇರ್ಪಡಿಸುತ್ತದೆ, ಎರಡನೆಯದು ಪ್ರತಿಯೊಂದರ ಗುರುತು ಹಿಡಿಯುತ್ತದೆ. "ಜಿಸಿ-ಎಂಎಸ್ ಇದೆಯೇ" ಎಂದು ಕೇಳಿದರೆ ಅವರಿಗೆ ಅರ್ಥವಾಗುತ್ತದೆ. ಆದರೆ ಉಪಕರಣ ಇದ್ದ ಮಾತ್ರಕ್ಕೆ ಸಾಲದು. ಹಣ ಕಟ್ಟುವ ಮೊದಲು ಈ ಪ್ರಶ್ನೆಗಳನ್ನು ಕೇಳಿ:

- ಪ್ರಯೋಗಾಲಯಗಳ ಸಾಮರ್ಥ್ಯಕ್ಕೆ ಸಂಬಂಧಿಸಿದ ಅಂತರರಾಷ್ಟ್ರೀಯ ಮಾನದಂಡವಾದ ಐಎಸ್ಒ 17025ರ ಮಾನ್ಯತೆ ಇದೆಯೇ? ಇದ್ದರೆ, "ಕುಡಿಯುವ ನೀರಿನಲ್ಲಿ ವಿಒಸಿ" ಆ ಮಾನ್ಯತೆಯ ವ್ಯಾಪ್ತಿಯಲ್ಲಿ ಸೇರಿದೆಯೇ? ಗಡಸುತನ ಅಳೆಯಲು ಮಾನ್ಯತೆ ಪಡೆದ ಪ್ರಯೋಗಾಲಯ ದ್ರಾವಕ ಅಳೆಯಲು ಪಡೆದಿರಲೇಬೇಕೆಂದಿಲ್ಲ. ವ್ಯಾಪ್ತಿಯ ಪಟ್ಟಿಯನ್ನೇ ನೋಡಿ.
- ಯಾವ ವಿಧಾನ? ಅಮೆರಿಕದ ಇಪಿಎ 524 ಸರಣಿ ಅಥವಾ ಐಎಸ್ಒ 20595, ಐಎಸ್ಒ 15680 ಎಂಬಂಥ ಉತ್ತರ ಬರಬೇಕು. "ನಮ್ಮದೇ ವಿಧಾನ" ಎಂದರೆ ಬೇರೆ ಕಡೆ ನೋಡಿ.
- ಪ್ರತಿ ಸಂಯುಕ್ತಕ್ಕೂ ವರದಿ ಮಿತಿ ಎಷ್ಟು? ಎಂದರೆ, ಅವರು ನಂಬಿಕೆಯಿಂದ ಹೇಳಬಲ್ಲ ಅತಿ ಕಡಿಮೆ ಪ್ರಮಾಣ. ಹೆಚ್ಚಿನವಕ್ಕೆ ಲೀಟರಿಗೆ 0.5 ಮೈಕ್ರೋಗ್ರಾಂ ಅಥವಾ ಅದಕ್ಕಿಂತ ಕಡಿಮೆ ಇರಬೇಕು. ವಿನೈಲ್ ಕ್ಲೋರೈಡ್‌ಗೆ ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ ಮೌಲ್ಯವೇ 0.3 ಆಗಿರುವುದರಿಂದ ಅದಕ್ಕಿಂತಲೂ ಕೆಳಗೆ ಹೋಗಬೇಕು.
- ಸೀಸೆಗಳನ್ನು ಅವರೇ ಕೊಡುತ್ತಾರೆಯೇ? ಜೊತೆಗೆ ಟ್ರಿಪ್ ಬ್ಲ್ಯಾಂಕ್ (ಹೋಲಿಕೆಗಾಗಿ ಶುದ್ಧ ನೀರು ತುಂಬಿ ಮುಚ್ಚಿದ ಸೀಸೆ) ಕೊಡುತ್ತಾರೆಯೇ?

ಕೊನೆಯ ಪ್ರಶ್ನೆಗೆ "ನೀವೇ ಯಾವುದಾದರೂ ಪ್ಲಾಸ್ಟಿಕ್ ಬಾಟಲಿಯಲ್ಲಿ ತನ್ನಿ" ಎಂಬ ಉತ್ತರ ಬಂದರೆ ಅಲ್ಲಿಗೆ ಆ ಪ್ರಯೋಗಾಲಯದ ಮಾತು ಮುಗಿಯಿತು. ಪ್ಲಾಸ್ಟಿಕ್ ದ್ರಾವಕಗಳನ್ನು ಹೀರಿಕೊಳ್ಳುತ್ತದೆ, ಹೊರಕ್ಕೆ ಬಿಟ್ಟುಕೊಡುತ್ತದೆ, ಕೆಲವೊಮ್ಮೆ ತನ್ನದೇ ರಾಸಾಯನಿಕವನ್ನು ನೀರಿಗೆ ಸೇರಿಸುತ್ತದೆ.

ಹಂತ 3: ಯಾವ ನಲ್ಲಿ, ಯಾವ ಹೊತ್ತು

ಸರಬರಾಜಿನ ನೀರನ್ನು ಪರೀಕ್ಷಿಸಬೇಕಾದರೆ ಮುಖ್ಯ ಕೊಳವೆಯಿಂದ ನೇರವಾಗಿ ಬರುವ ನಲ್ಲಿ ಬೇಕು. ಸಂಪಿನಲ್ಲೋ ಮೇಲಿನ ಟ್ಯಾಂಕ್‌ನಲ್ಲೋ ನಿಂತ ನೀರಿನಿಂದ ದ್ರಾವಕ ಆಗಲೇ ಒಂದಷ್ಟು ಗಾಳಿಗೆ ಹೋಗಿರುತ್ತದೆ. ಮೀಟರ್ ಪಕ್ಕದ ನಲ್ಲಿ ಸಿಕ್ಕರೆ ಒಳ್ಳೆಯದು. ಫಿಲ್ಟರ್, ಸಾಫ್ಟ್‌ನರ್, ಗೀಸರ್ ಯಾವುದನ್ನೂ ಹಾಯದ ತಣ್ಣೀರೇ ಆಗಬೇಕು.

ಮನೆಯವರು ನಿಜವಾಗಿ ಕುಡಿಯುವುದು ಅಡುಗೆಮನೆಯ ನಲ್ಲಿಯಿಂದ ತಾನೆ ಎಂದು ಕೇಳಬಹುದು. ಅದೂ ನ್ಯಾಯವೇ. ಹಣ ಹೊಂದಿದರೆ ಎರಡು ಕಡೆಯೂ ತೆಗೆಯಿರಿ. ಮೀಟರ್ ಬಳಿ ಇಲ್ಲದ ವಸ್ತು ಅಡುಗೆಮನೆಯಲ್ಲಿ ಸಿಕ್ಕರೆ ಮೂಲ ಮನೆಯೊಳಗೇ ಇದೆ ಎಂದಾಗುತ್ತದೆ. ಹೊಸದಾಗಿ ಕೊಳಾಯಿ ಕೆಲಸವಾಗಿದ್ದರೆ ಪಿವಿಸಿ ಅಂಟಿನಲ್ಲಿರುವ ಟೆಟ್ರಾಹೈಡ್ರೋಫ್ಯುರಾನ್, ಮೀಥೈಲ್ ಈಥೈಲ್ ಕೀಟೋನ್, ಅಸಿಟೋನ್ ಕೆಲವು ವಾರ ನೀರಿಗೆ ಬಿಡುತ್ತಿರಬಹುದು. ಆ ಕೆಲಸ ಮುಗಿದ ತಕ್ಷಣ ಮಾದರಿ ತೆಗೆದು ಸರಬರಾಜು ಸಂಸ್ಥೆಯ ಮೇಲೆ ದೂರು ಕೊಟ್ಟರೆ ದೂರು ನಿಲ್ಲುವುದಿಲ್ಲ.

ಕೊಳವೆಯೇ ಮೂಲವಾಗಿರುವ ಇನ್ನೊಂದು ಬಗೆಯೂ ಇದೆ. ಪೆಟ್ರೋಲ್ ಸೋರಿದ ಮಣ್ಣಿನಲ್ಲಿ ಹೂತಿರುವ ಪಾಲಿಎಥಿಲೀನ್ ಕೊಳವೆಯ ಗೋಡೆಯನ್ನೇ ತೂರಿಕೊಂಡು ಬೆಂಜೀನ್, ಟಾಲುಈನ್ ಒಳಗೆ ಬರುತ್ತವೆ. ಕ್ಯಾಲಿಫೋರ್ನಿಯಾದಲ್ಲಿ 2017ರಲ್ಲಿ ಸಾಂತಾ ರೋಸಾ, 2018ರಲ್ಲಿ ಪ್ಯಾರಡೈಸ್ ಊರುಗಳು ಕಾಳ್ಗಿಚ್ಚಿಗೆ ಸಿಕ್ಕ ಮೇಲೆ ಅಲ್ಲಿನ ಸರಬರಾಜು ಕೊಳವೆಗಳ ನೀರಿನಲ್ಲಿ ಬೆಂಜೀನ್ ಸಿಕ್ಕಿತ್ತು. ಇಂಥ ಸಂದರ್ಭದಲ್ಲಿ ನೀರನ್ನು ಹರಿಯಬಿಟ್ಟು ತೆಗೆದ ಮಾದರಿ ಸಾಲದು. ಬಹಳ ಹೊತ್ತು ಬಳಸದೆ ಕೊಳವೆಯಲ್ಲೇ ನಿಂತ ನೀರಿನ ಮೊದಲ ಧಾರೆಯನ್ನೂ ಬೇರೆಯಾಗಿ ತೆಗೆಯಬೇಕು. ಮೂಲದ ಮೇಲೆ ಅನುಮಾನವಿದ್ದರೆ ಹರಿಯಬಿಟ್ಟ ನೀರು, ಕೊಳವೆಯ ಮೇಲೆ ಅನುಮಾನವಿದ್ದರೆ ನಿಂತ ನೀರು ಎಂದು ನೆನಪಿಡಿ.

ಹಂತ 4: ಸೀಸೆಗೆ ನೀರು ತುಂಬುವುದು

ಪ್ರಯೋಗಾಲಯ ನಿಮಗೆ 40 ಮಿಲಿಲೀಟರ್ ಹಿಡಿಯುವ ಪುಟ್ಟ ಗಾಜಿನ ಸೀಸೆಗಳನ್ನು ಕೊಡುತ್ತದೆ. ಸಾಮಾನ್ಯವಾಗಿ ಕಂದು ಬಣ್ಣದವು, ಮುಚ್ಚಳದ ಒಳಬದಿಗೆ ಟೆಫ್ಲಾನ್ ಪದರವಿರುವವು. ಒಂದು ನಲ್ಲಿಗೆ ಕನಿಷ್ಠ ಎರಡು, ಸಾಧ್ಯವಾದರೆ ಮೂರು ಸೀಸೆ ಬೇಕು. ಒಂದು ಸಲ ಸೂಜಿ ಚುಚ್ಚಿದ ಸೀಸೆಯಿಂದ ದ್ರಾವಕ ಹೊರಡಲು ಆರಂಭವಾಗುವುದರಿಂದ ಮರುಪರೀಕ್ಷೆಗೆ ಬೇರೆ ಸೀಸೆಯೇ ಆಗಬೇಕು.

ಸೀಸೆಯ ತಳದಲ್ಲಿ ಸ್ವಲ್ಪ ಪುಡಿಯೋ ಕೆಲವು ಹನಿ ದ್ರವವೋ ಇರಬಹುದು. ಅದು ಕೊಳೆಯಲ್ಲ, ತೊಳೆಯಬೇಡಿ. ಪುಡಿ ಸಾಮಾನ್ಯವಾಗಿ ಆಸ್ಕಾರ್ಬಿಕ್ ಆಮ್ಲ. ನಲ್ಲಿ ನೀರಿನಲ್ಲಿ ಉಳಿದಿರುವ ಕ್ಲೋರಿನ್ ಸೀಸೆಯೊಳಗೂ ಕೆಲಸ ಮುಂದುವರಿಸಿ ಹೊಸ ಸಂಯುಕ್ತಗಳನ್ನು ಹುಟ್ಟಿಸದಂತೆ ಇದು ತಡೆಯುತ್ತದೆ. ದ್ರವ ಹೈಡ್ರೋಕ್ಲೋರಿಕ್ ಆಮ್ಲ. ನೀರಿನಲ್ಲಿರುವ ಬ್ಯಾಕ್ಟೀರಿಯಾಗಳು ಬೆಂಜೀನ್, ಟಾಲುಈನ್‌ಗಳನ್ನು ತಿಂದು ಮುಗಿಸದಂತೆ ನೋಡಿಕೊಳ್ಳುತ್ತದೆ. ಕೆಲವರು ಆಮ್ಲವನ್ನು ಬೇರೆಯಾಗಿ ಕೊಟ್ಟು, ನೀರು ತುಂಬಿದ ಮೇಲೆ ಎರಡು ಹನಿ ಹಾಕಲು ಹೇಳುತ್ತಾರೆ. ಅವರು ಹೇಳಿದ ಕ್ರಮವನ್ನೇ ಅನುಸರಿಸಿ, ಕನ್ನಡಕ ಮತ್ತು ಕೈಗವಸು ಧರಿಸಿ, ಮಕ್ಕಳನ್ನು ದೂರವಿಡಿ.

ನೀರು ತೆಗೆಯುವ ದಿನ ನಿಮ್ಮ ಕೈಯೇ ಮಾಲಿನ್ಯದ ಮೂಲವಾಗಬಾರದು. ಸುಗಂಧ ದ್ರವ್ಯ, ಸ್ಯಾನಿಟೈಸರ್, ಉಗುರುಬಣ್ಣ ತೆಗೆಯುವ ದ್ರವ ಬೇಡ. ದಾರಿಯಲ್ಲಿ ಪೆಟ್ರೋಲ್ ಹಾಕಿಸಿಕೊಳ್ಳುವ ಕೆಲಸವನ್ನು ಹಿಂದಿನ ದಿನವೇ ಮುಗಿಸಿ. ಸಿಗರೇಟಿನ ಹೊಗೆಯಲ್ಲಿ ಬೆಂಜೀನ್ ಇರುತ್ತದೆ, ಆದ್ದರಿಂದ ಸುತ್ತ ಯಾರೂ ಸೇದುತ್ತಿರಬಾರದು. ಹೊಸ ಬಣ್ಣದ ವಾಸನೆ ಇರುವ ಕೋಣೆ, ಓಡುತ್ತಿರುವ ಜನರೇಟರ್ ಪಕ್ಕ ಸಲ್ಲದು. ಚೀಟಿಯ ಮೇಲೆ ಬರೆಯಲು ಮಾರ್ಕರ್ ಪೆನ್ ಬಳಸಬೇಡಿ, ಅದರ ಶಾಯಿಯಲ್ಲೇ ದ್ರಾವಕವಿರುತ್ತದೆ, ಬಾಲ್‌ಪೆನ್ ಸಾಕು.

ಇನ್ನು ತುಂಬುವ ಕ್ರಮ:

1. ನಲ್ಲಿಯ ಬಾಯಲ್ಲಿರುವ ಜಾಲರಿಯನ್ನು ಬಿಚ್ಚಿ. ಅದು ನೀರಿಗೆ ಗಾಳಿ ಬೆರೆಸುತ್ತದೆ, ಗಾಳಿ ಬೆರೆತರೆ ದ್ರಾವಕ ಹೊರಡುತ್ತದೆ. ರಬ್ಬರ್ ಅಥವಾ ಪ್ಲಾಸ್ಟಿಕ್ ಪೈಪ್ ಸಿಕ್ಕಿಸಿದ್ದರೆ ಅದನ್ನೂ ತೆಗೆಯಿರಿ.
2. ತಣ್ಣೀರನ್ನು ಸುಮಾರು ಹತ್ತು ನಿಮಿಷ ಹರಿಯಬಿಡಿ. ನೀರಿನ ತಂಪು ಒಂದೇ ಸಮನಾಗಿ ನಿಂತಿತೆಂದರೆ ಮನೆಯ ಕೊಳವೆಯ ನೀರು ಹೋಗಿ ಮುಖ್ಯ ಕೊಳವೆಯ ನೀರು ಬಂದಿದೆ ಎಂದರ್ಥ. ಹರಿದ ನೀರನ್ನು ಬಕೆಟ್‌ನಲ್ಲಿ ಹಿಡಿದು ಗಿಡಗಳಿಗೆ ಹಾಕಬಹುದು.
3. ಧಾರೆಯನ್ನು ಪೆನ್ಸಿಲ್‌ಗಿಂತ ಸಣ್ಣಗೆ, ನಯವಾಗಿ, ಗುಳ್ಳೆಯಿಲ್ಲದೆ ಬೀಳುವಂತೆ ಇಳಿಸಿ.
4. ಸೀಸೆಯನ್ನು ಓರೆಯಾಗಿ ಹಿಡಿದು ನೀರು ಒಳಗೋಡೆಯ ಮೇಲೆ ಜಾರಿ ಇಳಿಯುವಂತೆ ತುಂಬಿ. ತುಂಬುತ್ತಾ ಬಂದಂತೆ ನೆಟ್ಟಗೆ ಮಾಡಿ. ತುಂಬಿ ಹರಿಸಬೇಡಿ, ಒಳಗಿನ ಪುಡಿ ಕೊಚ್ಚಿಹೋಗುತ್ತದೆ.
5. ಬಾಯಿಯ ಅಂಚಿನ ಮೇಲೆ ನೀರು ಗುಮ್ಮಟದಂತೆ ಉಬ್ಬಿ ನಿಂತಾಗ ನಿಲ್ಲಿಸಿ. ಮುಚ್ಚಳದ ಟೆಫ್ಲಾನ್ ಬದಿ ಕೆಳಗೆ ಬರುವಂತೆ ಹಾಕಿ ಬಿಗಿಯಿರಿ.
6. ಸೀಸೆಯನ್ನು ತಲೆಕೆಳಗು ಮಾಡಿ ಬೆರಳಿನಿಂದ ಮೆಲ್ಲಗೆ ತಟ್ಟಿ ನೋಡಿ. ಗುಳ್ಳೆ ಮೇಲೇರಿದರೆ ಆ ಸೀಸೆಯನ್ನು ಪಕ್ಕಕ್ಕಿಟ್ಟು ಹೊಸದನ್ನು ತುಂಬಿ.

ಆರನೆಯ ಅಂಶವನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. "ಸಣ್ಣ ಗುಳ್ಳೆ ತಾನೆ" ಎಂದು ಬಿಟ್ಟವರ ಮಾದರಿಗಳು ಎಷ್ಟೋ ಹಾಳಾಗಿವೆ. ಮುಚ್ಚಿದ ಸೀಸೆಯೊಳಗಿನ ಖಾಲಿ ಜಾಗಕ್ಕೆ ದ್ರಾವಕ ನೀರಿನಿಂದ ಎದ್ದು ಹೋಗುತ್ತದೆ; ಮುಚ್ಚಳ ತೆರೆದ ಕ್ಷಣ ಅದು ಕೈಬಿಟ್ಟಂತೆಯೇ. ಇದೇ ಕಾರಣಕ್ಕೆ ಅರ್ಧ ತುಂಬಿದ ಬಾಟಲಿ, ಪಾತ್ರೆಯಲ್ಲಿ ಹಿಡಿದು ಸೀಸೆಗೆ ಸುರಿದ ನೀರು, ಕುಲುಕಿದ ಮಾದರಿ ಇವು ಯಾವುವೂ ಲೆಕ್ಕಕ್ಕಿಲ್ಲ.

ನೀರು ತುಂಬ ಗಡಸಾಗಿದ್ದರೆ ಆಮ್ಲ ಸೇರಿದಾಗ ಕಾರ್ಬನ್ ಡೈಆಕ್ಸೈಡ್ ಎದ್ದು ನೊರೆ ಬರಬಹುದು. ಜೋರಾಗಿ ನೊರೆ ಬಂದರೆ ಆ ಮಾದರಿಯನ್ನು ಚೆಲ್ಲಿ, ಆಮ್ಲವಿಲ್ಲದ ಸೀಸೆಯಲ್ಲಿ ಹೊಸದಾಗಿ ತೆಗೆದು, ಚೀಟಿಯಲ್ಲಿ "ಆಮ್ಲ ಹಾಕಿಲ್ಲ" ಎಂದು ಬರೆದು, 24 ಗಂಟೆಯೊಳಗೆ ಪರೀಕ್ಷೆಯಾಗುವಂತೆ ಪ್ರಯೋಗಾಲಯಕ್ಕೆ ತಿಳಿಸಿ.

ಹಂತ 5: ಸಾಗಿಸುವುದು

ಸೀಸೆಗಳನ್ನು ಮಂಜುಗಡ್ಡೆ ಇಟ್ಟ ಪೆಟ್ಟಿಗೆಯಲ್ಲಿ ಸುಮಾರು 4 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಡಿ. ಫ್ರೀಜರ್ ಬೇಡ, ನೀರು ಹೆಪ್ಪುಗಟ್ಟಿದರೆ ಸೀಸೆ ಒಡೆಯುತ್ತದೆ. ಆಮ್ಲ ಹಾಕಿ ತಂಪಾಗಿಟ್ಟ ಮಾದರಿಗೆ 14 ದಿನ ಗಡುವಿದೆ, ಆದರೆ ಅದೇ ದಿನ ತಲುಪಿಸುವುದೇ ಲೇಸು. ವಿಳಾಸ, ಯಾವ ನಲ್ಲಿ, ದಿನಾಂಕ, ಗಂಟೆ, ಎಷ್ಟು ಹೊತ್ತು ಹರಿಯಬಿಟ್ಟಿರಿ, ಯಾರು ತೆಗೆದರು ಎಂಬುದನ್ನು ಬರೆದಿಡಿ.

ಟ್ರಿಪ್ ಬ್ಲ್ಯಾಂಕ್ ಎಂದರೆ ಪ್ರಯೋಗಾಲಯವೇ ಶುದ್ಧ ನೀರು ತುಂಬಿ ಮುಚ್ಚಿ ಕೊಟ್ಟ ಸೀಸೆ. ಅದು ನಿಮ್ಮ ಜೊತೆ ಬಂದು, ತೆರೆಯದೆ, ಅದೇ ಪೆಟ್ಟಿಗೆಯಲ್ಲಿ ವಾಪಸಾಗಬೇಕು. ಅದರಲ್ಲೂ ಟಾಲುಈನ್ ಸಿಕ್ಕರೆ ಆ ಟಾಲುಈನ್ ನಲ್ಲಿಯಿಂದ ಬಂದದ್ದೆಂದು ಹೇಳಲಾಗದು. ಮುಂದೆ ಸಂಸ್ಥೆಯ ಎದುರೋ ನ್ಯಾಯಾಲಯದಲ್ಲೋ ಈ ವರದಿ ನಿಲ್ಲಬೇಕು ಎಂದಿದ್ದರೆ ಮಾದರಿಯನ್ನು ನೀವೇ ತೆಗೆಯಬೇಡಿ. ಪ್ರಯೋಗಾಲಯದ ಸಿಬ್ಬಂದಿಯಿಂದಲೇ ತೆಗೆಸಿ, ಕೈಯಿಂದ ಕೈಗೆ ಹೋದ ದಾಖಲೆಗೆ ಪ್ರತಿ ಹಂತದಲ್ಲೂ ಸಹಿ ಇರಲಿ.

ಹಂತ 6: ವರದಿಯನ್ನು ಓದುವುದು

ಮೊದಲು ಅಳತೆಯ ಘಟಕ ನೋಡಿ. ಒಂದು ಮಿಲಿಗ್ರಾಂ ಎಂದರೆ 1,000 ಮೈಕ್ರೋಗ್ರಾಂ. 0.008 ಮಿಲಿಗ್ರಾಂ ಮತ್ತು 8 ಮೈಕ್ರೋಗ್ರಾಂ ಒಂದೇ. ವರದಿ ಒಂದು ಘಟಕದಲ್ಲಿ, ಮಿತಿ ಇನ್ನೊಂದು ಘಟಕದಲ್ಲಿ ಇದ್ದು ಜನ ಸುಮ್ಮನೆ ಹೆದರುವುದೂ ಉಂಟು, ಸುಮ್ಮನೆ ಸಮಾಧಾನಪಡುವುದೂ ಉಂಟು. ಪಿಪಿಬಿ ಎಂದಿದ್ದರೆ ಅದನ್ನು ಲೀಟರಿಗೆ ಮೈಕ್ರೋಗ್ರಾಂ ಎಂದೇ ಓದಿಕೊಳ್ಳಬಹುದು.

"ಎನ್‌ಡಿ" ಅಥವಾ "ಪತ್ತೆಯಾಗಿಲ್ಲ" ಎಂದರೆ ಸೊನ್ನೆ ಎಂದಲ್ಲ, ವರದಿ ಮಿತಿಗಿಂತ ಕಡಿಮೆ ಎಂದು. ಆ ಮಿತಿಯೇ 10 ಆಗಿದ್ದರೆ ಟ್ರೈಕ್ಲೋರೋಎಥಿಲೀನ್ 9 ಇದ್ದರೂ "ಪತ್ತೆಯಾಗಿಲ್ಲ" ಎಂದೇ ಬರುತ್ತದೆ. ಹಂತ 2ರಲ್ಲಿ ಆ ಪ್ರಶ್ನೆ ಕೇಳಿಸಿದ್ದು ಇದಕ್ಕೇ. ಸಂಖ್ಯೆಯ ಪಕ್ಕದಲ್ಲಿ ಅಕ್ಷರಗಳಿದ್ದರೆ ಅವುಗಳ ವಿವರಣೆಯನ್ನೂ ಓದಿ. ಸಾಮಾನ್ಯವಾಗಿ "ಜೆ" ಎಂದರೆ ಅಂದಾಜು ಸಂಖ್ಯೆ, "ಬಿ" ಎಂದರೆ ಶುದ್ಧ ನೀರಿನ ಸೀಸೆಯಲ್ಲೂ ಸಿಕ್ಕಿದೆ, "ಎಚ್" ಎಂದರೆ ಗಡುವು ಮೀರಿದ ಮೇಲೆ ಪರೀಕ್ಷಿಸಿದ್ದು. ಅಸಿಟೋನ್ ಮತ್ತು ಡೈಕ್ಲೋರೋಮೀಥೇನ್ ಪ್ರಯೋಗಾಲಯಗಳಲ್ಲೇ ದಿನನಿತ್ಯ ಬಳಕೆಯಲ್ಲಿರುವ ದ್ರವಗಳು. ಇವು ಮಾತ್ರ ಅಲ್ಪ ಪ್ರಮಾಣದಲ್ಲಿ ಸಿಕ್ಕಿದ್ದರೆ ಮೊದಲು ಬ್ಲ್ಯಾಂಕ್ ಫಲಿತಾಂಶ ನೋಡಿ.

ಅತಿ ಹೆಚ್ಚು ಗೊಂದಲ ಹುಟ್ಟಿಸುವುದು ಕ್ಲೋರೋಫಾರಂ. ಕ್ಲೋರಿನ್ ಹಾಕಿದ ಬಹುತೇಕ ಎಲ್ಲ ನೀರಿನಲ್ಲೂ ಕ್ಲೋರೋಫಾರಂ, ಬ್ರೋಮೋಡೈಕ್ಲೋರೋಮೀಥೇನ್, ಡೈಬ್ರೋಮೋಕ್ಲೋರೋಮೀಥೇನ್, ಬ್ರೋಮೋಫಾರಂ ಎಂಬ ನಾಲ್ಕು ಸಿಗುತ್ತವೆ. ಎಲೆ, ಮಣ್ಣಿನ ಸಾವಯವ ಅಂಶದೊಂದಿಗೆ ಕ್ಲೋರಿನ್ ಸೇರಿ ಹುಟ್ಟುವ ಇವನ್ನು ಟ್ರೈಹ್ಯಾಲೋಮೀಥೇನ್‌ಗಳು ಎನ್ನುತ್ತಾರೆ. ಇವಕ್ಕೂ ಮಿತಿ ಇದೆ. ಅಮೆರಿಕದಲ್ಲಿ ನಾಲ್ಕೂ ಸೇರಿ 80 ಮೈಕ್ರೋಗ್ರಾಂ. ಆದರೆ ಇವು ಕಾರ್ಖಾನೆಯ ಗುರುತಲ್ಲ. ಇವನ್ನು ಬದಿಗಿಟ್ಟು ಉಳಿದ ಪಟ್ಟಿಯನ್ನು ನೋಡಿ.

ಹೋಲಿಸಲು ಕೆಲವು ಅಂಕಿಗಳು, ಎಲ್ಲವೂ ಲೀಟರಿಗೆ ಮೈಕ್ರೋಗ್ರಾಂನಲ್ಲಿ. ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿಯಲ್ಲಿ ಟ್ರೈಕ್ಲೋರೋಎಥಿಲೀನ್ 8, ಟೆಟ್ರಾಕ್ಲೋರೋಎಥಿಲೀನ್ 100, ಬೆಂಜೀನ್ 10, ಕಾರ್ಬನ್ ಟೆಟ್ರಾಕ್ಲೋರೈಡ್ 4, ಡೈಕ್ಲೋರೋಮೀಥೇನ್ 20, 1,2-ಡೈಕ್ಲೋರೋಈಥೇನ್ 30, 1,4-ಡೈಆಕ್ಸೇನ್ 50, ವಿನೈಲ್ ಕ್ಲೋರೈಡ್ 0.3. ಅಮೆರಿಕದಲ್ಲಿ ಈ ಪೈಕಿ ಮೊದಲ ಆರಕ್ಕೂ ಮಿತಿ 5, ವಿನೈಲ್ ಕ್ಲೋರೈಡ್‌ಗೆ 2. ಐರೋಪ್ಯ ಒಕ್ಕೂಟದಲ್ಲಿ ಟ್ರೈಕ್ಲೋರೋ ಮತ್ತು ಟೆಟ್ರಾಕ್ಲೋರೋಎಥಿಲೀನ್ ಎರಡೂ ಸೇರಿ 10, ಬೆಂಜೀನ್ 1. ನಿಮ್ಮ ದೇಶದ ಅಂಕಿಯೇ ಕಾನೂನಿಗೆ ಮುಖ್ಯ. ಆದರೆ ಟೆಟ್ರಾಕ್ಲೋರೋಎಥಿಲೀನ್‌ಗೆ ಒಂದು ಕಡೆ 100, ಇನ್ನೊಂದು ಕಡೆ 5 ಇರುವುದನ್ನು ಗಮನಿಸಿ. ಮಿತಿಯೆಂಬುದು ವಿಷ ಮತ್ತು ಅಮೃತದ ನಡುವಿನ ಗೆರೆಯಲ್ಲ. ಅಮೆರಿಕದ ಅದೇ ಸಂಸ್ಥೆ ಟ್ರೈಕ್ಲೋರೋಎಥಿಲೀನ್, ಬೆಂಜೀನ್‌ಗಳಿಗೆ ಆರೋಗ್ಯದ ಗುರಿಯಾಗಿ ಇಟ್ಟುಕೊಂಡಿರುವುದು ಸೊನ್ನೆಯನ್ನು. ಆದ್ದರಿಂದ ಮಿತಿಯೊಳಗೇ ಇದ್ದರೂ ಟ್ರೈಕ್ಲೋರೋಎಥಿಲೀನ್ 3 ಸಿಕ್ಕಿದ್ದರೆ ಅದು ಪ್ರಶ್ನೆ ಕೇಳಬೇಕಾದ ಸಂಗತಿ. ಪ್ರಕೃತಿಯಿಂದ ನಲ್ಲಿಗೆ ಬರುವ ವಸ್ತು ಅದಲ್ಲ.

ವರದಿಯ ಕೊನೆಯ ಟಿಪ್ಪಣಿಗಳನ್ನು ಬಿಡದೆ ಓದಿ ಎನ್ನಲು ಒಂದು ಗಟ್ಟಿ ಕಾರಣವಿದೆ. ಅಮೆರಿಕದ ನಾರ್ತ್ ಕ್ಯಾರೊಲಿನಾದ ಕ್ಯಾಂಪ್ ಲೆಜೂನ್ ಸೇನಾ ನೆಲೆಯ ಕುಡಿಯುವ ನೀರಿನಲ್ಲಿ 1950ರ ದಶಕದಿಂದ 1980ರ ದಶಕದವರೆಗೆ ದ್ರಾವಕಗಳಿದ್ದವು. 1980ರಲ್ಲಿ ಅಲ್ಲಿ ಟ್ರೈಹ್ಯಾಲೋಮೀಥೇನ್ ಪರೀಕ್ಷೆ ಮಾಡಿದ ಪ್ರಯೋಗಾಲಯ ಬೇರೆ ಕ್ಲೋರಿನ್ ಸಂಯುಕ್ತಗಳು ಅಡ್ಡಬರುತ್ತಿವೆ ಎಂದು ವರದಿಯ ಮೇಲೆ ಬರೆಯಿತು. 1981ರಲ್ಲಿ ದ್ರಾವಕಗಳೆಂದೇ ಸ್ಪಷ್ಟವಾಗಿ ಬರೆಯಿತು. ಕಲುಷಿತ ಬಾವಿಗಳನ್ನು ಮುಚ್ಚಲು ಆರಂಭಿಸಿದ್ದು 1984ರ ಕೊನೆಯಲ್ಲಿ. ಆ ನಡುವಿನ ವರ್ಷಗಳಲ್ಲಿ ಸಾವಿರಾರು ಕುಟುಂಬಗಳು ಅದೇ ನೀರನ್ನು ಕುಡಿದವು, ಮಕ್ಕಳಿಗೆ ಕುಡಿಸಿದವು. ನಿಮ್ಮ ವರದಿಯಲ್ಲಿ "ಗುರುತಿಸದ ಸಂಯುಕ್ತ" ಎಂದೋ "ಅಡ್ಡಿ ಕಂಡುಬಂದಿದೆ" ಎಂದೋ ಒಂದು ಸಾಲು ಇದ್ದರೆ ಅದು ಏನು ಎಂದು ಪ್ರಯೋಗಾಲಯಕ್ಕೆ ಫೋನ್ ಮಾಡಿ ಕೇಳಿ.

ಅದೇ ಕ್ಯಾಂಪ್ ಲೆಜೂನ್‌ನ ಇನ್ನೊಂದು ಪಾಠ: 1982ರ ಮೇ ತಿಂಗಳ ಒಂದು ಮಾದರಿಯಲ್ಲಿ ಟ್ರೈಕ್ಲೋರೋಎಥಿಲೀನ್ 1,400 ಮೈಕ್ರೋಗ್ರಾಂ, ಜುಲೈನಲ್ಲಿ ಸುಮಾರು 20. ಬಾವಿಗಳನ್ನು ಸರದಿಯ ಮೇಲೆ ನಡೆಸುತ್ತಿದ್ದುದರಿಂದ ಯಾವ ದಿನ ಯಾವ ಬಾವಿಯ ನೀರು ಬಂದಿತೋ ಆ ದಿನ ಅಂಥ ಫಲಿತಾಂಶ. ನಿಮ್ಮ ಊರಿನಲ್ಲೂ ಸರದಿ ಪದ್ಧತಿ ಇದ್ದರೆ ಒಂದೇ ಒಂದು ಶುದ್ಧ ವರದಿಯನ್ನು ನಂಬಿ ಕೂರಬೇಡಿ. ವರ್ಷದಲ್ಲಿ ಮೂರು ನಾಲ್ಕು ಸಲ, ಬೇರೆ ಬೇರೆ ಕಾಲದಲ್ಲಿ ಮಾಡಿಸಿ. ನೆರೆಹೊರೆಯ ಹತ್ತು ಮನೆಯವರು ಸೇರಿದರೆ ಖರ್ಚು ಹಂಚಿಹೋಗುತ್ತದೆ.

ಹಂತ 7: ಸಿಕ್ಕರೆ ಏನು ಮಾಡಬೇಕು

ಅದೇ ನಲ್ಲಿಯಿಂದ ಮತ್ತೊಮ್ಮೆ, ಪಕ್ಕದ ಬೀದಿಯ ಒಂದು ನಲ್ಲಿಯಿಂದಲೂ ಮಾದರಿ ತೆಗೆಸಿ ಖಚಿತಪಡಿಸಿಕೊಳ್ಳಿ. ಆದರೆ ಅದರ ಫಲಿತಾಂಶ ಬರುವವರೆಗೆ ಮನೆಯವರನ್ನು ಕಾಯಿಸಬೇಡಿ. ಮಿತಿ ಮೀರಿದ್ದರೆ ಅಂದಿನಿಂದಲೇ ಕುಡಿಯಲು, ಅಡುಗೆಗೆ ಬೇರೆ ನೀರು ಬಳಸಿ. ಗರ್ಭಿಣಿಯರು ಮತ್ತು ಪುಡಿ ಹಾಲು ಕುಡಿಯುವ ಶಿಶುಗಳು ಇರುವ ಮನೆಯಲ್ಲಿ ಇದು ಇನ್ನೂ ಮುಖ್ಯ. ದೇಹದ ತೂಕಕ್ಕೆ ಹೋಲಿಸಿದರೆ ಶಿಶುವಿನ ಹೊಟ್ಟೆಗೆ ಹೋಗುವ ನೀರು ದೊಡ್ಡವರಿಗಿಂತ ಹೆಚ್ಚು.

ಕುದಿಸಬೇಡಿ. ರೋಗಾಣುಗಳ ವಿಷಯದಲ್ಲಿ ಹಿರಿಯರು ಕಲಿಸಿದ ಒಳ್ಳೆಯ ಅಭ್ಯಾಸ ಇಲ್ಲಿ ತಿರುಗುಬಾಣವಾಗುತ್ತದೆ. ಕುದಿಸಿದಾಗ ದ್ರಾವಕ ನೀರಿನಿಂದ ಎದ್ದು ಅಡುಗೆಮನೆಯ ಗಾಳಿಗೆ ಸೇರುತ್ತದೆ, ಅಲ್ಲಿ ನಿಂತವರ ಶ್ವಾಸಕೋಶಕ್ಕೆ ಹೋಗುತ್ತದೆ. ಬಿಸಿನೀರಿನ ಸ್ನಾನದಲ್ಲೂ ಹೀಗೆಯೇ. ಸ್ನಾನವನ್ನು ಚಿಕ್ಕದಾಗಿ, ಉಗುರುಬೆಚ್ಚಗಿನ ನೀರಿನಲ್ಲಿ, ಕಿಟಕಿ ತೆರೆದು ಮುಗಿಸಿ. ಪ್ರಮಾಣ ಮಿತಿಗಿಂತ ಹಲವು ಪಟ್ಟು ಇದ್ದರೆ ಸ್ನಾನಕ್ಕೂ ಬಳಸಬಹುದೇ ಎಂದು ಆರೋಗ್ಯ ಇಲಾಖೆಯನ್ನು ಕೇಳಿ ಮುಂದುವರಿಯಿರಿ.

ಫಿಲ್ಟರ್ ಕೊಳ್ಳುವವರು ಸಕ್ರಿಯ ಇಂಗಾಲದ, ಅಂದರೆ ಆಕ್ಟಿವೇಟೆಡ್ ಕಾರ್ಬನ್‌ನ ಫಿಲ್ಟರ್ ನೋಡಬೇಕು. ಅದರ ಮೇಲೆ ನೀರಿನ ಫಿಲ್ಟರ್‌ಗಳಿಗೆಂದೇ ಇರುವ ಅಮೆರಿಕದ ಮಾನದಂಡ ಎನ್‌ಎಸ್‌ಎಫ್/ಎಎನ್‌ಎಸ್‌ಐ 53ರ ಪ್ರಮಾಣೀಕರಣವಿದ್ದು, ಆ ಪ್ರಮಾಣೀಕರಣದಲ್ಲಿ ವಿಒಸಿ ಎಂದು ಬರೆದಿರಬೇಕು. ಆರ್‌ಒ ಪೊರೆಯೊಂದನ್ನೇ ನಂಬಬೇಡಿ. ವಿದ್ಯುದಂಶವಿಲ್ಲದ ಪುಟ್ಟ ಅಣುಗಳು ಅದನ್ನು ಒಂದಷ್ಟು ದಾಟುತ್ತವೆ. ಆರ್‌ಒ ಯಂತ್ರಗಳಲ್ಲಿ ದ್ರಾವಕವನ್ನು ಹಿಡಿಯುವ ಕೆಲಸವನ್ನು ಹೆಚ್ಚಾಗಿ ಮಾಡುವುದು ಅದರೊಳಗಿನ ಇಂಗಾಲದ ಕಾರ್ಟ್ರಿಡ್ಜ್. ಇಂಗಾಲ ತುಂಬಿಹೋದ ಮೇಲೆ ದ್ರಾವಕ ಸುಮ್ಮನೆ ಹಾದುಹೋಗುತ್ತದೆ, ರುಚಿ ಬದಲಾಗುವುದಿಲ್ಲ. ಆದ್ದರಿಂದ ಕಾರ್ಟ್ರಿಡ್ಜ್ ಬದಲಿಸುವ ದಿನಾಂಕವನ್ನು ಅದರ ಮೇಲೆಯೇ ಬರೆಯಿರಿ. ಫಿಲ್ಟರ್‌ಗೆ ಮೊದಲು ಮತ್ತು ನಂತರ ಎರಡೂ ಕಡೆ ಪರೀಕ್ಷೆ ಮಾಡಿಸಿ. ವಿನೈಲ್ ಕ್ಲೋರೈಡ್ ಮತ್ತು 1,4-ಡೈಆಕ್ಸೇನ್‌ಗಳನ್ನು ಇಂಗಾಲ ಸರಿಯಾಗಿ ಹಿಡಿಯುವುದಿಲ್ಲ. ಇವು ಸಿಕ್ಕಿದ್ದರೆ ಮನೆಯ ಫಿಲ್ಟರ್ ಪರಿಹಾರವಲ್ಲ.

ಸರಬರಾಜು ಸಂಸ್ಥೆಗೆ ದೂರನ್ನು ಬರಹದಲ್ಲೇ ಕೊಡಿ. ವರದಿಯ ಪೂರ್ತಿ ಪ್ರತಿ, ಟ್ರಿಪ್ ಬ್ಲ್ಯಾಂಕ್ ಫಲಿತಾಂಶ, ಮಾದರಿ ತೆಗೆದ ವಿವರ ಜೊತೆಗಿರಲಿ. "ನೀರು ಕೆಟ್ಟಿದೆ" ಎಂದು ಬರೆದರೆ ಕ್ಲೋರಿನ್ ಹಾಕಿ ಮುಗಿಸುತ್ತಾರೆ. ಯಾವ ಸಂಯುಕ್ತ, ಎಷ್ಟು, ಯಾವ ವಿಧಾನ, ಯಾವ ದಿನ ಎಂದು ಬರೆದು, ಪ್ರತಿ ಬಾವಿಯ ವಿಒಸಿ ಫಲಿತಾಂಶವನ್ನು ಬೇರೆ ಬೇರೆಯಾಗಿ ಕೇಳಿ. ಎಲ್ಲ ಬಾವಿಗಳ ನೀರು ಬೆರೆತ ಮೇಲಿನ ಒಂದೇ ಸಂಖ್ಯೆ ಕೊಟ್ಟರೆ ಒಪ್ಪಬೇಡಿ, ಕೆಟ್ಟ ಬಾವಿಯೊಂದು ಒಳ್ಳೆಯ ನಾಲ್ಕರ ನಡುವೆ ಅಡಗಿಕೊಳ್ಳುತ್ತದೆ. ಕೆಟ್ಟ ಬಾವಿ ಯಾವುದೆಂದು ತಿಳಿದು ಅದನ್ನು ಮುಚ್ಚಿದ ಮೇಲೆ, ಮೊದಲು ಮಾದರಿ ತೆಗೆದ ಅದೇ ನಲ್ಲಿಯಿಂದ, ಅದೇ ಪ್ರಯೋಗಾಲಯದಲ್ಲಿ, ಅದೇ ವಿಧಾನದಲ್ಲಿ ಮತ್ತೆ ಪರೀಕ್ಷೆ ಮಾಡಿಸಿ, ಎರಡೂ ವರದಿಗಳನ್ನು ಒಂದೇ ಕಡತದಲ್ಲಿ ಇಟ್ಟುಕೊಳ್ಳಿ.